ಹಳೆಯ ಚರ್ಚಿನಲ್ಲಿ ನೂರು ಜನರಿಗೆ ಬಿಸಿಯೂಟ

ನ್ಯೂಯಾರ್ಕಿನ ಚೆಲ್ಸಿಯಲ್ಲಿರುವ ಹೋಲಿ ಅಪೋಸಲ್ಸ್ ಎಪಿಸ್ಕೋಪಲ್ (ಅಮೆರಿಕದ ಆಂಗ್ಲಿಕನ್ ಪಂಗಡದ) ಚರ್ಚು 1840ರ ದಶಕದ ಕಟ್ಟಡ. 1982ರಲ್ಲಿ ಅಲ್ಲಿ ಉಚಿತ ಊಟ ಶುರುವಾಯಿತು. 1990ರಲ್ಲಿ ಚರ್ಚಿಗೆ ಬೆಂಕಿ ಬಿತ್ತು; ಮರುದಿನವೂ ಊಟ ನಿಲ್ಲಲಿಲ್ಲ. ದುರಸ್ತಿಯಾದ ಮೇಲೆ ಉದ್ದ ಬೆಂಚುಗಳನ್ನು ಮತ್ತೆ ಕೂರಿಸದೆ, ಪ್ರಾರ್ಥನೆಯ ಜಾಗದಲ್ಲೇ ಮೇಜು ಹಾಕಿ ಬಡಿಸತೊಡಗಿದರು. ಹಸಿದು ಬಂದವರನ್ನು ನೆಲಮಾಳಿಗೆಗೆ ಕಳಿಸದೆ ಬಲಿಪೀಠದ ಎದುರಿಗೇ ಕೂರಿಸುವುದು ಎಷ್ಟು ದೊಡ್ಡ ಮಾತು! ಹಳೆಯ ಚರ್ಚಿನಲ್ಲಿ ಇಂಥ ಕೆಲಸ ಕೈಗೆತ್ತಿಕೊಳ್ಳುವವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ.

ಆಮೇಲೆ ಬಾಗಿಲು ನೋಡಿ. ಹಳೆಯ ಚರ್ಚುಗಳಿಗೆ ಮೆಟ್ಟಿಲು ಇದ್ದೇ ಇರುತ್ತವೆ. ಇಳಿಜಾರು ಹಾಕುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಜಾಗ ಸಾಲದೆಂದು ಕಡಿದಾಗಿ ಮಾಡಿದರೆ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ಬಾಗಿಲಲ್ಲಿ ಇಬ್ಬರು ನಿಲ್ಲಲಿ: ಒಬ್ಬರು ಟೋಕನ್ ಕೊಡಲು, ಇನ್ನೊಬ್ಬರು ಜಾಗ ತೋರಿಸಲು. ಹೆಸರು, ವಿಳಾಸ, ಗುರುತಿನ ಚೀಟಿ, ಧರ್ಮ ಯಾವುದನ್ನೂ ಕೇಳಬೇಡಿ. ಟೋಕನ್ ಇದ್ದರೆ ನೂಕುನುಗ್ಗಲು ಇರುವುದಿಲ್ಲ, ಎಷ್ಟು ಜನ ಉಂಡರೆಂಬ ಲೆಕ್ಕವೂ ತಾನಾಗಿ ಸಿಗುತ್ತದೆ. ಊಟಕ್ಕೆ ಮೊದಲು ಧರ್ಮಬೋಧೆ ಕೇಳಲೇಬೇಕೆಂಬ ಷರತ್ತು ಬೇಡವೇ ಬೇಡ.

ನೂರು ಜನರಿಗೆ ಏಳೂವರೆ ಕೆಜಿ ಅಕ್ಕಿಯ ಅನ್ನ, ಜೊತೆಗೆ ನಾಲ್ಕೂವರೆ ಕೆಜಿ ಬೇಳೆ ಹಾಕಿದ 25 ಲೀಟರ್ ಗಟ್ಟಿ ಸೂಪು ಸಾಕು. ಸೂಪು ಒಬ್ಬರಿಗೆ ಕಾಲು ಲೀಟರಿನ ಒಂದು ಸೌಟು. ಎರಡನೇ ಸಲ ಕೇಳುವವರಿಗೆಂದು ಹತ್ತರಲ್ಲೊಂದು ಪಾಲು ಜಾಸ್ತಿ ಇಡಿ. ಸೌಟು ಎಲ್ಲರ ಕೈಯಲ್ಲೂ ಒಂದೇ ಅಳತೆಯದಿರಲಿ. ಮೊದಲು ಬಂದವರಿಗೆ ಧಾರಾಳವಾಗಿ ಬಡಿಸಿ ಕೊನೆಯವರಿಗೆ ತಳ ಕೆರೆದು ಹಾಕುವಂತಾಗುವುದು ಇಲ್ಲೇ ಎಡವಿದಾಗ.

ಬಿಸಿ ಊಟ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಉಳಿದದ್ದನ್ನು ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ಮೇಲೆ ತಣ್ಣಗಿದ್ದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಬೆಂದ ಅನ್ನದಲ್ಲೂ ಸಾಯದೆ ಉಳಿದ ಬ್ಯಾಕ್ಟೀರಿಯಾ ಬೀಜಕಗಳು ಮೊಳೆಯುವುದು ಆ ಬೆಚ್ಚನೆಯಲ್ಲೇ. ಎರಡು ಇಂಚಿಗಿಂತ ಆಳವಿಲ್ಲದ ತಟ್ಟೆಗಳಿಗೆ ಹರವಿ. ಎರಡು ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಯಬೇಕು. ಮತ್ತೆ ಬಿಸಿ ಮಾಡುವಾಗ 74 ಡಿಗ್ರಿ ಮುಟ್ಟಲಿ. ಕೈಯಿಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಚುಚ್ಚಿ ನೋಡಿ.

ಕಟ್ಟಡವನ್ನೂ ಕಾಪಾಡಬೇಕಲ್ಲ. ಅಮೆರಿಕದ 120 ವೋಲ್ಟ್, 20 ಆಂಪಿಯರ್ ಸರ್ಕ್ಯೂಟು ಹೆಚ್ಚೆಂದರೆ 2,400 ವ್ಯಾಟ್ ಹೊರುತ್ತದೆ. ಗಂಟೆಗಟ್ಟಲೆ ಉರಿಸುವುದಾದರೆ 1,920ಕ್ಕೆ ನಿಲ್ಲಿಸಬೇಕು. 1,500 ವ್ಯಾಟಿನ ಎರಡು ಫುಡ್ ವಾರ್ಮರ್ ಒಂದೇ ಸಾಲಿಗೆ ಹಾಕಿದರೆ ಬಡಿಸುವ ಹೊತ್ತಿಗೇ ಟ್ರಿಪ್ ಆಗುತ್ತದೆ. ಯಾವ ಪ್ಲಗ್ಗು ಯಾವ ಬ್ರೇಕರಿನದು ಎಂದು ಮೊದಲೇ ಚೀಟಿ ಅಂಟಿಸಿ. ಅಡುಗೆ ಬೇರೆ ಕೋಣೆಯಲ್ಲಾಗಲಿ. ಚಳಿಗಾಲದಲ್ಲಿ ಹಬೆಯೆಲ್ಲ ತಣ್ಣಗಿನ ಬಣ್ಣದ ಗಾಜಿಗೆ ತಾಗಿ ನೀರಾಗುತ್ತದೆ. ಆ ನೀರು ಸಣ್ಣ ಸಣ್ಣ ಹನಿಯಾಗಿ ಇಳಿದು ಕೆಳಗಿನ ಮರದ ಚೌಕಟ್ಟಿಗೆ ಸೇರಿ ಅದನ್ನು ಕೊಳೆಸುತ್ತದೆ. ಬಡಿಸುವಾಗಲೂ ಪಾತ್ರೆಗಳಿಗೆ ಮುಚ್ಚಳ ಇರಲಿ. ಗಾಜಿನ ಬುಡವನ್ನು ಒಣಬಟ್ಟೆಯಿಂದ ಒರೆಸುವ ಕೆಲಸ ಒಬ್ಬರ ಪಾಲಿಗಿರಲಿ.

ವಾರವೆಲ್ಲ ಊಟಕ್ಕೆ ಬಂದವರಲ್ಲಿ ಕೆಲವರು ಭಾನುವಾರದ ಆರಾಧನೆಗೂ ಬರುತ್ತಾರೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ತಿಳಿಯದೆ ಹೊಸಬರು ಹಿಂದಿನ ಸಾಲಿನಲ್ಲಿ ಮುದುಡಿ ಕೂರುವುದುಂಟು. ಎಪಿಸ್ಕೋಪಲ್ ಚರ್ಚಿನಲ್ಲಿ ದೀಕ್ಷಾಸ್ನಾನವಾದ (ಬ್ಯಾಪ್ಟಿಸಮ್ ಪಡೆದ) ಯಾವ ಪಂಗಡದವರಿಗೂ ಪ್ರಭುಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ, ಉಂಟು. ಉಳಿದವರು ಎದೆಯ ಮೇಲೆ ಕೈ ಅಡ್ಡ ಇಟ್ಟು ಬಂದರೆ ಆಶೀರ್ವಾದ ಸಿಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಸಿಎಸ್ಐ (ದಕ್ಷಿಣ ಭಾರತ ಸಭೆ) ಚರ್ಚಿನಿಂದ ಹೋದವರಿಗೂ ಎಪಿಸ್ಕೋಪಲ್ ಚರ್ಚು ಹೊರಗಿನ ಮನೆಯೇನಲ್ಲ, ಎರಡೂ ಇಂಗ್ಲೆಂಡಿನ ಚರ್ಚಿನೊಂದಿಗೆ ನಂಟಿರುವ ಆಂಗ್ಲಿಕನ್ ಒಕ್ಕೂಟದವೇ. ಹೊಸಬರಿಗೆ ಎಪಿಸ್ಕೋಪಲ್ ಚರ್ಚಿನ 1979ರ ಪ್ರಾರ್ಥನಾ ಪುಸ್ತಕವನ್ನು ಮುಚ್ಚಿದಂತೆ ಕೊಡಬೇಡಿ. ಈಗಿನ ಭಾಷೆಯ ಪ್ರಭುಭೋಜನದ ಕ್ರಮವಾದರೆ ಅದು ಶುರುವಾಗುವ 355ನೇ ಪುಟ ತೆರೆದು ಕೈಗಿಡಿ, ಪಕ್ಕದಲ್ಲೇ ಕುಳಿತುಕೊಳ್ಳಿ.