ವಯಸ್ಸಾದವರ ಯೂರಿಕ್ ಆಸಿಡ್: ಗುಳಿಗೆಗೆ ಮೊದಲು ಕಿಡ್ನಿ ನೋಡಬೇಕು

ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬರುವ ಹಿರಿಯರ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ (ರಕ್ತದಲ್ಲಿನ ಒಂದು ತ್ಯಾಜ್ಯ) ಹೆಚ್ಚಾಗಿ 8 ಎಂದಿದ್ದರೆ ನಾನು ಮೊದಲು ಹುಡುಕುವುದು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತದ ಅಂಕಿ. ಯೂರಿಕ್ ಆಸಿಡ್‌ನ ಸುಮಾರು ಮೂರರಲ್ಲಿ ಎರಡು ಪಾಲು ಹೊರಹೋಗುವುದು ಕಿಡ್ನಿಯಿಂದಲೇ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಡಿಮೆಯಾಗುವುದರಿಂದಲೂ ಅದು ಏರುತ್ತದೆ.

ಕ್ರಿಯಾಟಿನಿನ್ ಅಂಕಿಯೊಂದನ್ನೇ ನಂಬುವಂತಿಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. 75ರ ಅಜ್ಜಿಗೆ 1.1 ಬಂದರೆ ನಾರ್ಮಲ್ ಅನ್ನಿಸುತ್ತದೆ, ಲೆಕ್ಕ ಹಾಕಿದರೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು) ಬರೀ 52. ಅದೇ 1.1 ಇರುವ 30ರ ಗಂಡಸಿಗೆ 90ರ ಮೇಲಿರುತ್ತದೆ. ಮೂರು ತಿಂಗಳ ನಂತರವೂ 60ಕ್ಕಿಂತ ಕೆಳಗಿದ್ದರೆ ಕಿಡ್ನಿ ಕಾಯಿಲೆ ಎಂದೇ ಹಿಡಿಯಬೇಕು. ಜೊತೆಗೆ ಮೂತ್ರದ ಅಲ್ಬುಮಿನ್ ಪರೀಕ್ಷೆ.

ಆಮೇಲೆ ಗುಳಿಗೆ ಚೀಲ ಬಿಚ್ಚಿಸುತ್ತೇನೆ. ಬಿಪಿ ಗುಳಿಗೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಸೇರಿದ್ದರೆ ಯೂರಿಕ್ ಆಸಿಡ್ ಏರುತ್ತದೆ. ಬದಲಿಸಲು ಸಾಧ್ಯವಿದ್ದಲ್ಲಿ ಲೊಸಾರ್ಟಾನ್ ಕೊಡುತ್ತೇನೆ, ಅದು ಯೂರಿಕ್ ಆಸಿಡನ್ನು ತುಸು ಇಳಿಸುತ್ತದೆ. ಎರಡು ವಾರದೊಳಗೆ ಪೊಟ್ಯಾಶಿಯಂ, ಕ್ರಿಯಾಟಿನಿನ್ ನೋಡಲೇಬೇಕು. ಹೃದಯಕ್ಕೆ ಕೊಟ್ಟ ಆಸ್ಪಿರಿನ್ ಮಾತ್ರ ನಿಲ್ಲಿಸುವುದಿಲ್ಲ. ನನಗೆ ನಿಜವಾದ ಭಯ, ಮೊಣಕಾಲು ಬ್ಯಾನಿಗೆಂದು ಮೆಡಿಕಲ್ ಶಾಪಿನಿಂದ ತಂದು ದಿನಾ ನುಂಗುವ ಡೈಕ್ಲೋಫೆನಾಕ್‌ನದು. ಕಿಡ್ನಿ ಸೋಲುವುದು ಅದರಿಂದ.

ಕೀಲು ಬಾವು, ಕಿಡ್ನಿಯಲ್ಲಿ ಹರಳು ಇಲ್ಲದಿದ್ದರೆ ಬರೀ ಅಂಕಿಗಾಗಿ, ಯೂರಿಕ್ ಆಸಿಡ್ ಇಳಿಸುವ ಗುಳಿಗೆಯಾದ ಅಲ್ಲೋಪ್ಯೂರಿನಾಲ್ ಬರೆಯುವುದಿಲ್ಲ. 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದು ಯೂರಿಕ್ ಆಸಿಡ್ ಇಳಿಸಿತು, ಕಿಡ್ನಿ ಕುಸಿಯುವುದನ್ನು ತಡೆಯಲಿಲ್ಲ. ಗೌಟ್ (ಯೂರಿಕ್ ಆಸಿಡ್ ಹರಳು ಕೂತು ಕೀಲು ಬಾಯುವ ಕಾಯಿಲೆ) ಪದೇ ಪದೇ ಕಾಡಿದರೆ ಮಾತ್ರ ಶುರು: 100 ಮಿಲಿಗ್ರಾಂ ಗುಳಿಗೆಯ ಅರ್ಧ, ತಿಂಗಳಿಗೊಮ್ಮೆ ರಕ್ತ ನೋಡಿ 50ರಂತೆ ಏರಿಕೆ, ಯೂರಿಕ್ ಆಸಿಡ್ 6ರ ಕೆಳಗೆ ಬರುವವರೆಗೆ. ಮೊದಲ ತಿಂಗಳುಗಳಲ್ಲಿ ಕೀಲಿನಲ್ಲಿ ಕೂತ ಹಳೆಯ ಹರಳು ಕರಗುವಾಗ ಅದು ಮತ್ತೆ ಬಾಯುವುದುಂಟು. ಗುಳಿಗೆಯಿಂದಲೇ ಹೆಚ್ಚಾಯಿತೆಂದು ಬಿಟ್ಟುಬಿಡುತ್ತಾರೆ, ಬಿಡಬಾರದು. ಮೈಮೇಲೆ ಗಂಧೆ, ಜ್ವರ, ಬಾಯಿಹುಣ್ಣು ಕಂಡರೆ ಮಾತ್ರ ಅವತ್ತೇ ನಿಲ್ಲಿಸಿ ಬರಬೇಕು. ಬಾವು ಇರುವಾಗ ಮಾಡಿಸಿದ ಯೂರಿಕ್ ಆಸಿಡ್ ಪರೀಕ್ಷೆ ನಾರ್ಮಲ್ ಬರಬಹುದು, ಎರಡು ವಾರ ಬಿಟ್ಟು ಮತ್ತೆ ಮಾಡಿಸುತ್ತೇನೆ.

ಊಟದ್ದೇ ದೊಡ್ಡ ತಪ್ಪು ತಿಳಿವಳಿಕೆ. ಹೆಸರುಕಾಳು, ಮಡಿಕೆಕಾಳು, ಬ್ಯಾಳಿ ಎಲ್ಲ ಬಿಟ್ಟು ಜೋಳದ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ಸೊರಗುತ್ತಾರೆ. ಕಾಳಿನಿಂದ ಗೌಟ್ ಹೆಚ್ಚುವುದಿಲ್ಲ. ಬಿಡಬೇಕಾದದ್ದು ಲಿವರ್, ಬೋಟಿ, ಸಾರಾಯಿ, ಸಿಹಿ ಸೋಡಾ. ಬಿಸಿಲಲ್ಲಿ ಹೊಲಕ್ಕೆ ಹೋಗುವವರು ನೀರು ಜಾಸ್ತಿ ಕುಡಿಯಲಿ. ಕಾಲು ಬಾತವರಿಗೆ, ಹೃದಯ ಸೋತವರಿಗೆ ಎಷ್ಟು ಎಂಬುದನ್ನು ತೂಕ ನೋಡಿಯೇ ಹೇಳುತ್ತೇನೆ.