ಕಡಿವಾಣ ಒಲ್ಲದ ಬ್ಯಾರೆಲ್ ರೇಸ್ ಕುದುರೆಗೆ ಯಾವ ಹ್ಯಾಕಮೋರ್?
ಬ್ಯಾರೆಲ್ ರೇಸ್ ಅಂದ್ರೆ ಮೂರು ಡ್ರಮ್ ಸುತ್ತಿ ಓಡುವ ಕುದುರೆ ಪಂದ್ಯ; ಹ್ಯಾಕಮೋರ್ ಅಂದ್ರೆ ಬಾಯಿಗೆ ಕಡಿವಾಣ ಹಾಕದೆ, ಮೂಗಿನ ಪಟ್ಟಿಯಿಂದಲೇ ಕುದುರೆ ನಡೆಸುವ ಸಾಮಾನು. ಕಡಿವಾಣ ಕಂಡರೆ ಕುದುರೆ ತಲೆ ಕೊಡವುತ್ತಾ? ಮೊದಲು ಹಲ್ಲು, ನಾಲಿಗೆಯನ್ನು ಪಶುವೈದ್ಯರಿಗೆ ತೋರಿಸಿ. ಬಾಯಲ್ಲಿ ಹುಣ್ಣಿದ್ದರೆ ಸುಮ್ನೆ ಹೊಸ ಸಾಮಾನು ಕೊಂಡು ಏನು ಉಪಯೋಗ, ಅಲ್ವಾ?

ಬಾಯಿ ಸರಿಯಿದ್ದರೆ, ಮೂಗುಪಟ್ಟಿಯ ಎರಡೂ ಪಕ್ಕಕ್ಕೆ ಲಗಾಮು ಕಟ್ಟುವ ಸರಳ ಹ್ಯಾಕಮೋರ್ ಆದ ಸೈಡ್‌ಪುಲ್‌ನಿಂದ ಶುರು ಮಾಡಿ. ಲಗಾಮು ಮೂಗಿನ ಪಕ್ಕದಿಂದಲೇ ನೇರವಾಗಿ ಎಳೆಯುವುದರಿಂದ, ಮೂರು ಡ್ರಮ್ ಸುತ್ತ ತಿರುಗುವುದನ್ನು ಕಲಿಸಲು ಇದೇ ಸುಲಭ. ಎರಡೂ ಪಕ್ಕದಲ್ಲಿ ಸನ್ನೆಯಂತೆ ಕೆಲಸ ಮಾಡುವ ಸರಳಿರುವ ಮೆಕ್ಯಾನಿಕಲ್ ಹ್ಯಾಕಮೋರ್ ನಿಲ್ಲಿಸೋಕೆ ಚೆನ್ನ, ತಿರುಗಿಸೋಕೆ ಅಷ್ಟಕ್ಕಷ್ಟೇ. ಪಕ್ಕದ ಸರಳು ಉದ್ದವಾದಷ್ಟೂ ಮೂಗು, ದವಡೆ ಮೇಲೆ ಒತ್ತಡ ಜಾಸ್ತಿ. ವೇಗ ಬಂದ ಮೇಲೆ ಬೇಕೆನಿಸಿದರೆ ಗಿಡ್ಡ ಸರಳಿನದು ಸಾಕು.

ಮೂಗುಪಟ್ಟಿ ಗಟ್ಟಿ ಮೂಳೆಯ ಮೇಲೇ ಕೂರಬೇಕು. ಬೆರಳಿನಿಂದ ಒತ್ತುತ್ತಾ ಕೆಳಗೆ ಬನ್ನಿ, ಮೆತ್ತಗಾಗುವ ಜಾಗ ಸಿಗುತ್ತದೆ. ಪಟ್ಟಿ ಅಲ್ಲಿಗೆ ಇಳಿದರೆ ಉಸಿರಿಗೆ ತೊಂದರೆ. ಬಳ್ಳಾರಿ ಬಿಸಿಲಲ್ಲಿ ಬೆವರಿಗೆ ಪಟ್ಟಿ ಉಜ್ಜಿ ಕೂದಲು ಉದುರುತ್ತದೆ, ಹಾಗಾಗಿ ಕುರಿ ಉಣ್ಣೆಯ ಮೆತ್ತೆ ಹಾಕಿ, ದಿನಾ ಬಿಚ್ಚಿ ಒಣಗಿಸಿ.