ಗ್ರಂಥಾಲಯದ ಮಾರಾಟದಲ್ಲಿ ಹಳೆಯ ರೆಕಾರ್ಡ್ ಕೊಳ್ಳುವ ಮುನ್ನ
ಗ್ರಂಥಾಲಯಗಳು ಹಳೆಯ ಪುಸ್ತಕಗಳ ಜೊತೆ ಮಾರಾಟಕ್ಕಿಡುವ ಗ್ರಾಮಫೋನ್ ರೆಕಾರ್ಡನ್ನು ಕೊಳ್ಳುವ ಮುನ್ನ ಹೊದಿಕೆಯಿಂದ ಪೂರ್ತಿ ಹೊರತೆಗೆದು, ಅಂಚನ್ನೂ ಲೇಬಲ್ಲನ್ನೂ ಮಾತ್ರ ಮುಟ್ಟಿ ಹಿಡಿದು, ದೀಪದ ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿ. ಬಳಿಕ ನಡುವಿನ ರಂಧ್ರದ ಸುತ್ತಲಿನ ಲೇಬಲ್ಲನ್ನು ಗಮನಿಸಿ. ನೇರ ಬೆಳಕಿನಲ್ಲಿ ಮರೆಯಾಗುವ ಗೀರುಗಳು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ರಂಧ್ರದ ಸುತ್ತ ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಪ್ಲೇಯರಿನ ನಡುವಿನ ಕಡ್ಡಿಗೆ ರೆಕಾರ್ಡನ್ನು ಕೂರಿಸುವಾಗ ತಡಕಾಡಿದ ಗುರುತುಗಳಾದ್ದರಿಂದ, ಅದು ಎಷ್ಟು ಬಳಕೆಯಾಗಿದೆ ಎಂಬ ಅಂದಾಜು ಸಿಗುತ್ತದೆ. ಅನೇಕರ ಕೈ ದಾಟಿ ಬಂದ ಎರವಲು ಪ್ರತಿಗಳ ವಿಷಯದಲ್ಲಿ ಹೊದಿಕೆಯ ಅಂದಕ್ಕಿಂತ ಈ ಗುರುತೇ ಹೆಚ್ಚು ನಂಬಲರ್ಹ. (ಹೊದಿಕೆಯೊಳಗೆ ಬೇರೆಯದೇ ರೆಕಾರ್ಡ್ ಇರಬಹುದು, ಲೇಬಲ್ಲನ್ನು ಓದಿಕೊಳ್ಳಿ.) ಆದರೆ ಪ್ಲೇಯರಿನ ಸವೆದ ಮುಳ್ಳು ರೆಕಾರ್ಡಿನ ಸುರುಳಿಗೆರೆಗಳ ಒಳಗೋಡೆಯನ್ನು ಕೆರೆದಿದ್ದರೆ, ಹೊಳೆಯುವ ರೆಕಾರ್ಡೂ ಕರಕರ ಎನ್ನಬಹುದು, ಆ ದೋಷ ಬರಿಗಣ್ಣಿಗೆ ಸಿಗದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ರೆಕಾರ್ಡುಗಳಲ್ಲಿ ಗೀರಿಗಿಂತ ಅಂಚಿನ ಕೂದಲೆಳೆ ಬಿರುಕನ್ನು ಹುಡುಕಬೇಕು. ಅವುಗಳನ್ನು ಆಲ್ಕೋಹಾಲ್ ಬೆರೆತ ದ್ರವದಿಂದ ಒರೆಸಲೇಬಾರದು, ಏಕೆಂದರೆ ಅರಗು ಅದರಲ್ಲಿ ಕರಗುತ್ತದೆ.